ಆಲ್ಬುಕರ್ಕಿಯ ಚಳಿಗೆ ತಡೆಯುವ ಪಾಮ್: ಬೀಜದಿಂದ ಎಬ್ಬಿಸೋದು ಹೇಗೆ?

ಹಿತ್ತಲಗಿಡ · ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಜಾಗ ನ್ಯೂ ಮೆಕ್ಸಿಕೋದ ಆಲ್ಬುಕರ್ಕಿ, ಸ್ಯಾಂಡಿಯಾ ಬೆಟ್ಟದ ತಪ್ಪಲಿನ ಕಡೆ. ಎತ್ತರ ಸುಮಾರು 1,700 ಮೀಟರ್. ವರ್ಷಕ್ಕೆಲ್ಲ ಸೇರಿ 9 ಇಂಚು ಮಳೆ. ಜನವರಿ ರಾತ್ರಿ ಮೈನಸ್ 5ರಿಂದ 8 ಡಿಗ್ರಿ ಮಾಮೂಲು, ಕೆಲವು ವರ್ಷ ಮೈನಸ್ 15 ಮುಟ್ಟುತ್ತೆ. ಮಾರ್ಚಿನಿಂದ ಮೇವರೆಗೆ ಬಿಡದೆ ಗಾಳಿ. ಒಂದೂವರೆ ಅಡಿ ಅಗೆದರೆ ಕಲೀಚಿ ಸಿಗುತ್ತೆ, ಅಂದರೆ ಸುಣ್ಣ ಗಟ್ಟಿಯಾಗಿ ಕೂತ ಪದರ.

ಕೈಯಲ್ಲಿರುವ ಬೀಜ: ವಿಂಡ್‌ಮಿಲ್ ಪಾಮ್, ಅಂದರೆ ಟ್ರಾಕಿಕಾರ್ಪಸ್ ಫಾರ್ಚುನೈ 50, ಸೇಬಲ್ ಮೈನರ್ 20, ನೀಡಲ್ ಪಾಮ್ 10, ವಾಷಿಂಗ್ಟೋನಿಯಾ ಫಿಲಿಫೆರಾ ಒಂದು ಪೊಟ್ಟಣ.

ಕಳೆದ ವರ್ಷದ ಫಲಿತಾಂಶ ಹೀಗಿದೆ. ವಿಂಡ್‌ಮಿಲ್ ಬೀಜಗಳನ್ನು ಅಡಕೆ ಮಡಿ ಮಾಡಿದ ಹಾಗೆ ಅಗಲ ಟ್ರೇಯಲ್ಲಿ ಮರಳಿಗೆ ಹಾಕಿದ್ದು. ಅರ್ಧ ಬೂಷ್ಟು ಹಿಡಿದವು. ಎದ್ದವು ದಕ್ಷಿಣದ ಕಿಟಕಿಯಲ್ಲಿದ್ದು, ಎಲೆ ತುದಿ ಕಂದಾಗಿ ಫೆಬ್ರವರಿಯೊಳಗೆ ಹೋದವು. ಟ್ರೇ ಕವುಚಿದಾಗ ಬೇರು ತಳದಲ್ಲಿ ಸುತ್ತಿ ಸುತ್ತಿ ಚಕ್ಕುಲಿಯಾಗಿತ್ತು.

ಶಾಖದ ಮ್ಯಾಟ್ (ಬೀಜದ ಅಡಿಗೆ ಹಾಸುವ ಕರೆಂಟಿನ ಚಾಪೆ) ಎಷ್ಟಕ್ಕೆ ಇಡಬೇಕು, ಯಾವ ಕುಂಡ, ಎಲೆ ತುದಿ ಯಾಕೆ ಸುಡುತ್ತೆ, ನೆಲಕ್ಕೆ ಯಾವಾಗ ಇಳಿಸಬೇಕು? ತಿಳಿದವರು ಬಿಡಿಸಿ ಹೇಳಿ.


ಬೈನೆಮರ

ಹಿತ್ತಲಗಿಡ ಅವರೇ, ಮೊದಲು ಬೀಜ ಜೀವಂತ ಇದೆಯಾ ನೋಡಿ. ಪಾಮ್ ಬೀಜ ರಾಗಿ, ಜೋಳದ ಹಾಗೆ ಡಬ್ಬಿಯಲ್ಲಿ ವರ್ಷಗಟ್ಟಲೆ ಇಡುವಂಥದ್ದಲ್ಲ. ವಿಂಡ್‌ಮಿಲ್ ಬೀಜವಂತೂ ಒಣಗಿದರೆ ಸತ್ತ ಹಾಗೇ. 50ರಲ್ಲಿ 3 ಬೀಜ ಬಲಿ ಕೊಟ್ಟು ಕಟಿಂಗ್ ಪ್ಲೈಯರ್‌ನಲ್ಲಿ ಅಡ್ಡ ಕತ್ತರಿಸಿ. ಒಳಗೆ ಒಣ ಕೊಬ್ಬರಿಯಂಥ ಗಟ್ಟಿ ಬಿಳಿ ತಿರುಳು, ಅದರಲ್ಲಿ ಸಾಸಿವೆಗಿಂತ ಚಿಕ್ಕ ಭ್ರೂಣ ತುಂಬಿಕೊಂಡು ಕೂತಿದ್ದರೆ ಸರಿ. ತಿರುಳು ಕಂದು ಬಣ್ಣ, ಭ್ರೂಣದ ಗೂಡು ಖಾಲಿ ಅಥವಾ ಹುಳಿ ವಾಸನೆ ಇದ್ದರೆ ಉಳಿದವಕ್ಕೂ ಆಸೆ ಇಟ್ಟುಕೊಳ್ಳಬೇಡಿ, ಮಾರಿದವರಿಗೆ ಬರೆಯಿರಿ. ನೀರಲ್ಲಿ ಮುಳುಗಿದರೆ ಒಳ್ಳೆಯದು, ತೇಲಿದರೆ ಕೆಟ್ಟದ್ದು ಅನ್ನೋ ಪರೀಕ್ಷೆ ನಂಬಬೇಡಿ. ಸಿಪ್ಪೆಯಡಿ ಗಾಳಿ ಸಿಕ್ಕಿಕೊಂಡು ಒಳ್ಳೆಯ ಬೀಜವೂ ತೇಲುತ್ತೆ.

ಬೂಷ್ಟಿಗೆ ಕಾರಣ ಹೆಚ್ಚಾಗಿ ಹಣ್ಣಿನ ತಿರುಳು. ಬೀಜದ ಮೇಲೆ ಅದರ ಚೂರು ಉಳಿದರೂ ಶಿಲೀಂಧ್ರಕ್ಕೆ ಅದೇ ಊಟ. ಜೊತೆಗೆ ಮೊಳಕೆಯನ್ನು ತಡೆಯುವ ಅಂಶವೂ ಅದರಲ್ಲಿದೆ. ಉಗುರು ಬೆಚ್ಚಗಿನ ನೀರಲ್ಲಿ 48 ಗಂಟೆ ನೆನೆಹಾಕಿ, 12 ಗಂಟೆಗೊಮ್ಮೆ ನೀರು ಬದಲಿಸಿ, ಆಮೇಲೆ ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್ ಮೇಲೆ ಒತ್ತಿ ಉಜ್ಜಿ. ಕೈಗವಸು ಇರಲಿ. ನಮ್ಮ ಕಡೆಯ ಬೈನೆ ಹಣ್ಣು ಮುಟ್ಟಿ ತುರಿಕೆ ಅನುಭವಿಸಿದವರಿಗೆ ಹೇಳಬೇಕಿಲ್ಲ. ನಿಮ್ಮ ಪಟ್ಟಿಯಲ್ಲಿರುವವು ಅಷ್ಟು ಕೆಟ್ಟವಲ್ಲ, ಆದರೂ ಅಭ್ಯಾಸ ಒಳ್ಳೆಯದು. ಉಜ್ಜಿದ ಮೇಲೆ ಮನೆಯ ಬ್ಲೀಚ್ 1 ಪಾಲು, ನೀರು 9 ಪಾಲು ಸೇರಿಸಿ 10 ನಿಮಿಷ ಅದ್ದಿ, ಚೆನ್ನಾಗಿ ತೊಳೆಯಿರಿ.

ಮರಳಿನ ಟ್ರೇ ಬಿಟ್ಟುಬಿಡಿ. ಆಲ್ಬುಕರ್ಕಿಯ ಗಾಳಿಯಲ್ಲಿ ತೇವ ಶೇಕಡಾ 15–20 ಇರುವಾಗ ಟ್ರೇಯ ಮೇಲಿನ ಒಂದಿಂಚು ಮಧ್ಯಾಹ್ನದೊಳಗೆ ಒಣಗುತ್ತೆ, ನೀವು ನೀರು ಹಾಕುತ್ತೀರಿ, ತಳ ಕೊಳೆಯುತ್ತೆ. ಮೇಲೆ ಬರ, ಕೆಳಗೆ ನೆರೆ. ಇಲ್ಲಿ ಸರಿಹೋಗುವುದು ಜಿಪ್ ಚೀಲ. ತೊಳೆದ ಕೋಕೋಪೀಟ್ 1 ಪಾಲು, ಪರ್ಲೈಟ್ (ಕಾಯಿಸಿ ಉಬ್ಬಿಸಿದ ಬಿಳಿ, ಹಗುರ ಕಲ್ಲುಕಾಳು) 1 ಪಾಲು. ಕೋಕೋಪೀಟ್ ಮೇಲೆ ಕುದಿಯುವ ನೀರು ಸುರಿದು ಮುಚ್ಚಿ ಆರಲು ಬಿಡಿ (ಆ ಎತ್ತರದಲ್ಲಿ ನೀರು ಸುಮಾರು 94 ಡಿಗ್ರಿಗೇ ಕುದಿಯುತ್ತೆ, ಈ ಕೆಲಸಕ್ಕೆ ಅದು ಸಾಕು). ಆರಿದ ಮೇಲೆ ಮುಷ್ಟಿ ತುಂಬ ಹಿಡಿದು ಬಲವಾಗಿ ಹಿಂಡಿ: ಬೆರಳ ಸಂದಿಯಲ್ಲಿ ಒಂದೆರಡು ಹನಿ ಮೂಡಬೇಕು, ಧಾರೆ ಇಳಿಯಬಾರದು, ಕೈ ಬಿಟ್ಟರೆ ಉಂಡೆ ಮುರಿಯದೆ ನಿಲ್ಲಬೇಕು. ಧಾರೆ ಇಳಿದರೆ ಇನ್ನಷ್ಟು ಹಿಂಡಿ ನೀರು ತೆಗೆಯಿರಿ. ಹೆಚ್ಚು ಬೀಜ ಸಾಯುವುದು ಈ ಒಂದು ಹಂತದಲ್ಲೇ. ಒಂದು ಲೀಟರಿನ ಚೀಲಕ್ಕೆ ಎರಡು ಮುಷ್ಟಿ ಮಿಶ್ರಣ, 15–20 ಬೀಜ, ಉಳಿದದ್ದು ಗಾಳಿ. ಮೇಲೆ ಜಾತಿ, ದಿನಾಂಕ ಬರೆಯಿರಿ. ವಾರಕ್ಕೊಮ್ಮೆ ತೆರೆದು ಗಾಳಿ ಬದಲಿಸಿ. ಬೂಷ್ಟು ಕಂಡ ಬೀಜವನ್ನು ಅಲ್ಲೇ ಎಸೆಯದೆ ತೊಳೆದು ಬೆರಳಲ್ಲಿ ಒತ್ತಿ ನೋಡಿ. ಗಟ್ಟಿ ಇದ್ದರೆ ವಾಪಸ್ ಹಾಕಿ, ಪಿಚಕ್ ಅಂದರೆ ಮಾತ್ರ ಬಿಸಾಕಿ.

ಶಾಖ ಎಲ್ಲಕ್ಕೂ ಒಂದೇ ಅಲ್ಲ. ಇದನ್ನೇ ಬಹಳ ಜನ ತಪ್ಪು ಮಾಡೋದು. ವಿಂಡ್‌ಮಿಲ್ ತಂಪು ಬೆಟ್ಟದ ಗಿಡ, ಅದಕ್ಕೆ 20–25 ಡಿಗ್ರಿ ಸಾಕು. 30 ದಾಟಿಸಿದರೆ ಮೊಳಕೆ ಕಡಿಮೆ, ಕೊಳೆ ಜಾಸ್ತಿ. ಅದರ ಚೀಲ ಮ್ಯಾಟ್ ಮೇಲೆ ಬೇಡ, ಫ್ರಿಜ್ ಮೇಲಿಡಿ. ಒಂದರಿಂದ ಮೂರು ತಿಂಗಳಲ್ಲಿ ಏಳುತ್ತೆ. ಸೇಬಲ್ ಮೈನರ್‌ಗೆ 30–33 ಡಿಗ್ರಿ, ಎರಡು-ಮೂರು ತಿಂಗಳು. ವಾಷಿಂಗ್ಟೋನಿಯಾಗೆ 28–32, ಎರಡರಿಂದ ನಾಲ್ಕು ವಾರದಲ್ಲಿ ಹುಲ್ಲಿನ ಹಾಗೆ ಎದ್ದುಬರುತ್ತೆ. ನೀಡಲ್ ಪಾಮ್‌ನದ್ದು ಬೇರೆಯೇ ಕಥೆ: ಆರು ತಿಂಗಳಿಂದ ಒಂದೂವರೆ ವರ್ಷ, ಕೆಲವು ಬೀಜ ಎರಡು ವರ್ಷ. ಹಗಲು 32, ರಾತ್ರಿ 20ರ ಆಸುಪಾಸು ಏರಿಳಿಸಿ, ಚೀಲ ಒಣಗದಂತೆ ನೋಡಿಕೊಂಡು ಮರೆತುಬಿಡಿ.

ಥರ್ಮೋಸ್ಟಾಟ್ ಇಲ್ಲದ ಮ್ಯಾಟ್ ಕೋಣೆಗಿಂತ ಇಷ್ಟು ಡಿಗ್ರಿ ಹೆಚ್ಚು ಅಂತ ಏರುತ್ತೆ ಅಷ್ಟೇ. ಬಿಸಿಲು ಬೀಳುವ ಕಿಟಕಿ ಪಕ್ಕ ಅದರ ಮೇಲೆ ಮುಚ್ಚಿದ ಚೀಲ ಇಟ್ಟರೆ ಮಧ್ಯಾಹ್ನ ಒಳಗೆ 45 ದಾಟಿ ಬೀಜ ಬೆಂದುಹೋಗುತ್ತೆ. ಥರ್ಮೋಸ್ಟಾಟಿನ ತಂತಿ ತುದಿ ಮ್ಯಾಟಿಗಲ್ಲ, ಚೀಲದ ಒಳಗೆ, ಬೀಜದ ಮಟ್ಟದಲ್ಲಿರಬೇಕು.


ಸಸಿಮಡಿ

ಬೈನೆಮರ ಅವರು ಬೀಜದ ಕಡೆ ಹೇಳಿದ್ದಾರೆ. ಆ ಚಕ್ಕುಲಿ ಬೇರಿನ ವಿಷಯ ನಾನು ಹೇಳ್ತೀನಿ.

ಅಡಕೆ, ತೆಂಗು ಮೊಳೆಯುವ ರೀತಿ ಒಂದು, ಇವುಗಳ ರೀತಿ ಇನ್ನೊಂದು. ಅಡಕೆ ಗೋಟನ್ನು ತೊಟ್ಟು ಮೇಲಾಗಿ ಹೂಳಿದರೆ ಮೊಳಕೆ ಕಾಯಿಗೆ ಅಂಟಿಕೊಂಡೇ ಮೇಲೇಳುತ್ತೆ, ತೆಂಗೂ ಹಾಗೇ. ಈಚಲು, ಖರ್ಜೂರ, ವಾಷಿಂಗ್ಟೋನಿಯಾ, ಸೇಬಲ್ ಅಂಥವು ಹಾಗಲ್ಲ. ಬೀಜದಿಂದ ಮೊದಲು ಒಂದು ಬಿಳಿ ದಾರ ಕೆಳಗಿಳಿಯುತ್ತೆ. ನೋಡಲು ಬೇರಿನಂತಿದ್ದರೂ ಅದು ಪೂರ್ತಿ ಬೇರಲ್ಲ, ಬೀಜದಳದ ತೊಟ್ಟು. ಗಿಡದ ಜೀವ ಇರುವುದು ಅದರ ತುದಿಯಲ್ಲಿ. ಒಂದಷ್ಟು ಆಳಕ್ಕೆ ಹೋದ ಮೇಲೆ ತುದಿ ಉಬ್ಬಿ, ಕೆಳಕ್ಕೆ ನಿಜವಾದ ಬೇರು, ಮೇಲಕ್ಕೆ ಎಲೆ ಹೊರಡುತ್ತೆ. ಆ ಎಲೆ ಮಣ್ಣಿನಿಂದ ಹೊರಬರುವ ಜಾಗ ಬೀಜದಿಂದ ಸ್ವಲ್ಪ ದೂರ. ಬೇಸಿಗೆಯಲ್ಲಿ ತಾಟಿನುಂಗು ಕೊಡುವ ತಾಳೆ ಮರದ ಬೀಜ ಹೂತು ನೋಡಿದವರಿಗೆ ಇದು ಗೊತ್ತು, ಅದಂತೂ ಎರಡಡಿಗೂ ಕೆಳಗೆ ಹೋಗುತ್ತೆ. ಮಳೆ ಕಡಿಮೆ ಇರುವ ನಾಡಿನ ಮರಕ್ಕೆ ಇದು ರಕ್ಷಣೆ: ಎಳೆ ಸುಳಿ ಬಿಸಿಲು, ಬೆಂಕಿ, ಆಡು ಮೂರರಿಂದಲೂ ದೂರ, ತೇವದ ಹತ್ತಿರ.

ಆದ್ದರಿಂದ ಎರಡಿಂಚಿನ ಟ್ರೇ ಅದಕ್ಕೆ ಬಂಡೆ ಇದ್ದ ಹಾಗೆ. ತಳ ಮುಟ್ಟಿದ ತುದಿ ಅಡ್ಡ ತಿರುಗುತ್ತೆ, ಗಾಳಿಗೆ ಸಿಕ್ಕಿ ಒಣಗುತ್ತೆ, ಆಮೇಲೆ ಎಷ್ಟು ಆರೈಕೆ ಮಾಡಿದರೂ ಗಿಡ ಕುಂಟುತ್ತೆ.

ಚೀಲದಲ್ಲಿ ಬಿಳಿ ಮೊಳೆ 2 ಸೆಂಟಿಮೀಟರ್ ಆದ ದಿನವೇ ಕುಂಡಕ್ಕೆ ಹೋಗಬೇಕು. 5 ಸೆಂಟಿಮೀಟರ್‌ವರೆಗೆ ಕಾದರೆ ಅದು ಚೀಲದ ಮೂಲೆಯಲ್ಲಿ ಬಾಗಿರುತ್ತೆ, ನೆಟ್ಟಗೆ ಮಾಡಲು ಹೋದರೆ ಪಟ್ ಅಂತ ಮುರಿಯುತ್ತೆ. ಮುರಿದರೆ ಮುಗೀತು, ಪಕ್ಕದಿಂದ ಚಿಗುರುವ ಗಿಡ ಅಲ್ಲ ಇದು. ಎತ್ತುವಾಗ ಮೊಳೆ ಹಿಡಿಯದೆ ಬೀಜವನ್ನೇ ಹಿಡಿಯಿರಿ. ಪೆನ್ಸಿಲ್‌ನಿಂದ ತೂತು ಮಾಡಿ, ಮೊಳೆ ಅದರಲ್ಲಿ ಇಳಿಬಿಟ್ಟು, ಬೀಜ ಮೇಲ್ಮಣ್ಣಿನಿಂದ 1 ಸೆಂಟಿಮೀಟರ್ ಕೆಳಗಿರುವಂತೆ ಮುಚ್ಚಿ. ತೂತಿನ ತಳದಲ್ಲಿ ಗಾಳಿ ಉಳಿಯದಂತೆ ನಿಧಾನ ನೀರು ಹಾಕಿ, ಮಣ್ಣು ತಾನೇ ಇಳಿದು ಕೂರುತ್ತೆ. ಅಡಕೆ ಗೋಟಿನ ಹಾಗೆ ಹೆಬ್ಬೆರಳಲ್ಲಿ ಒತ್ತಬೇಡಿ.

ಕುಂಡದ ಅಗಲಕ್ಕಿಂತ ಆಳ ಮುಖ್ಯ. 6–7 ಸೆಂಟಿಮೀಟರ್ ಅಗಲ, 25 ಸೆಂಟಿಮೀಟರ್ ಆಳದ ಕೊಳವೆ ಕುಂಡ ಮೊದಲ ವರ್ಷಕ್ಕೆ. ಎರಡನೇ ವರ್ಷಕ್ಕೆ 10 ಸೆಂಟಿಮೀಟರ್ ಚೌಕ, 35 ಸೆಂಟಿಮೀಟರ್ ಆಳದ್ದು, ಅಮೆರಿಕದ ನರ್ಸರಿಗಳಲ್ಲಿ ಟ್ರೀ ಪಾಟ್ ಅಂತ ಕೇಳಿ. ಎರಡು ಲೀಟರ್ ಸೋಡಾ ಬಾಟಲಿಯ ಕತ್ತು ಕತ್ತರಿಸಿ ತಳಕ್ಕೆ ಆರು ತೂತು ಹೊಡೆದರೂ ನಡೆಯುತ್ತೆ, ಆದರೆ ಹೊರಗೆ ಕಪ್ಪು ಟೇಪ್ ಸುತ್ತಿ, ಇಲ್ಲದಿದ್ದರೆ ಒಳಗೆ ಪಾಚಿ.

ಮಿಶ್ರಣ: ಪ್ಯೂಮಿಸ್ (ಜ್ವಾಲಾಮುಖಿಯ ಹಗುರ, ತೂತುತೂತು ಕಲ್ಲು) 2, ಕೋಕೋಪೀಟ್ 1, ಕೊಳೆತ ಪೈನ್ ತೊಗಟೆಯ ಪುಡಿ 1. ಪ್ಯೂಮಿಸ್‌ಗೆ ನೀವು ದೂರ ಹೋಗಬೇಕಿಲ್ಲ, ನಿಮ್ಮ ಉತ್ತರಕ್ಕಿರುವ ಹೇಮೆಸ್ ಬೆಟ್ಟಗಳಲ್ಲೇ ಅದನ್ನು ಅಗೆಯುತ್ತಾರೆ. 3ರಿಂದ 8 ಮಿಲಿಮೀಟರ್ ಕಾಳಿನದ್ದು ಜರಡಿ ಹಿಡಿದು ಧೂಳು ಬಿಸಾಕಿ. ಹಿತ್ತಲ ಮಣ್ಣು, ಮರಳು ಒಂದು ಹಿಡಿಯೂ ಬೇಡ. ಆಳದ ಕಿರಿದಾದ ಕುಂಡದಲ್ಲಿ ನುಣ್ಣನೆ ಮರಳು ಸಿಮೆಂಟಿನಂತೆ ಕೂರುತ್ತೆ.

ಚೀಲದಿಂದ ಬಂದದ್ದನ್ನು ಮೊದಲ ವಾರ ಮೇಲೊಂದು ಪಾರದರ್ಶಕ ಲೋಟ ಕವುಚಿಡಿ, ದಿನಕ್ಕೆ ಒಂದೊಂದು ಗಂಟೆ ಹೆಚ್ಚು ತೆಗೆಯುತ್ತಾ ಹೋಗಿ. ಶೇಕಡಾ 100 ತೇವದಿಂದ 15ಕ್ಕೆ ಒಂದೇ ದಿನ ತಂದರೆ ಚೂಪು ಎಲೆ ಬಿಚ್ಚುವ ಮೊದಲೇ ಒಣಗುತ್ತೆ.


ಕರಿಮಣ್ಣು

ತುದಿ ಯಾಕ ಸುಡ್ತದ ಅಂತ ಕೇಳೀರಿ. ಮೂರು ಕಾರಣ ಇರತಾವ, ಮೂರೂ ಕೂಡೇ ಬರತಾವ.

ಒಂದು, ನೀರಿನೊಳಗಿನ ಉಪ್ಪು. ಆಲ್ಬುಕರ್ಕಿ ನಲ್ಲಿ ನೀರು ಗಡಸು, ಕ್ಷಾರದ ಕಡೆ ವಾಲಿದ್ದು. ಗಾಳಿ ಒಣ ಇರೋದಕ್ಕ ನೀರು ಹಾರಿಹೋಗ್ತದ, ಉಪ್ಪು ಕುಂಡದಾಗ ಉಳೀತದ. ಮೇಲ್ಮಣ್ಣಿನ ಮ್ಯಾಲೆ, ಕುಂಡದ ಅಂಚಿಗೆ ಬಿಳಿ ಪದರ ಕಂಡರ ಅದ ಗುರುತು. ಬಯಲುಸೀಮಿಯೊಳಗ ಕಾಲುವೆ ನೀರು ಹೆಚ್ಚಾಗಿ ಸವುಳಾದ ಹೊಲ ನೋಡೀರಲ್ಲ, ಅದ ಒಂದು ಲೀಟರಿನ ಕುಂಡದಾಗ ಆಗ್ತದ. ಸ್ವಲ್ಪ ಸ್ವಲ್ಪ ನೀರು ದಿನಾ ಚಿಮುಕಿಸಬ್ಯಾಡ್ರಿ. ಹಾಕಿದಾಗ ತಳದಿಂದ ಹರಿಯೂ ಹಂಗ ಹಾಕ್ರಿ. ಆರು ವಾರಕ್ಕೊಮ್ಮೆ ಕುಂಡದ ಅಳತೆಯ ಎರಡು ಪಟ್ಟು ನೀರು ನಿಧಾನ ಸುರದು ಉಪ್ಪು ತೊಳೀರಿ. ಆರ್‌ಓ ನೀರು ಅರ್ಧ, ನಲ್ಲಿ ನೀರು ಅರ್ಧ ಬೆರಸಿದರ ಇನ್ನೂ ಚಲೋ. ಮನಿಗೆ ವಾಟರ್ ಸಾಫ್ಟ್‌ನರ್ ಕೂಡಿಸಿದ್ದರ ಆ ನೀರು ಮಾತ್ರ ಗಿಡಕ್ಕ ಬ್ಯಾಡ. ಅದು ಕ್ಯಾಲ್ಸಿಯಂ ತಗದು ಸೋಡಿಯಂ ಹಾಕೂ ಯಂತ್ರ; ಸೋಡಿಯಂ ಬೇರಿಗೆ ವಿಷ.

ಎರಡು, ಕಿಟಕಿ. ಜನವರಿ ರಾತ್ರಿ ಗಾಜಿನ ಬದಿ 5 ಡಿಗ್ರಿ, ಹಗಲಿಗೆ 30. ಬೇರು ತಣ್ಣಗ ಒದ್ದಿ, ಎಲಿ ಬಿಸಿಲಿಗೆ, ಕೆಳಗ ಹೀಟರಿನ ಒಣ ಗಾಳಿ. ಎಲಿ ನೀರು ಕೇಳ್ತದ, ತಣ್ಣನ ಬೇರು ಕೊಡೂದಿಲ್ಲ. ಕುಂಡ ಗಾಜಿನಿಂದ ಎರಡಡಿ ಹಿಂದ ಇಡ್ರಿ, ಇಲ್ಲಾ ಎಲ್‌ಇಡಿ ದೀಪದ ಕೆಳಗ ಒಂದಡಿ ಅಂತರದಾಗ ದಿನಕ್ಕ 14 ತಾಸು ಇಡ್ರಿ. ಹೀಟರ್ ಗಾಳಿ ಬಾಯಿ ಮುಂದ ಅಂತೂ ಬ್ಯಾಡ.

ಮೂರು, ಜೇಡ ನುಸಿ. ಒಣ ಮನಿ ಅದಕ್ಕ ಅರಮನಿ. ಎಲಿ ಮ್ಯಾಲೆ ಸೂಜಿಮೊನಿಯಷ್ಟು ಹಳದಿ ಚುಕ್ಕಿ, ಕೆಳಗ ಸಣ್ಣ ಬಲಿ. ಬಿಳಿ ಹಾಳಿ ಹಿಡದು ಎಲಿ ತಟ್ಟ್ರಿ. ಬಿದ್ದ ಧೂಳು ನಡದಾಡಿದರ ನುಸಿ. ಐದು ದಿನಕ್ಕೊಮ್ಮೆ, ಮೂರು ಸಲ ಎಲಿ ಕೆಳಬದಿ ಸಿಂಕಿನೊಳಗ ನೀರಿನ ರಭಸಕ್ಕ ತೊಳೀರಿ. ಬರೇ ಒಂದು ಸಲ ತೊಳದರ ಮೊಟ್ಟಿ ಉಳೀತಾವ.

ಗೊಬ್ಬರ: ಮೊದಲ ಮೂರು ತಿಂಗಳು ಏನೂ ಬ್ಯಾಡ, ಬೀಜದಾಗ ಬುತ್ತಿ ಅದ. ಆಮ್ಯಾಲೆ ಡಬ್ಬಿ ಮ್ಯಾಲೆ ಬರದದ್ದರ ಕಾಲು ಭಾಗ. ಪಾಮ್‌ಗೆ ಪೊಟ್ಯಾಶ್, ಮೆಗ್ನೀಸಿಯಂ, ಮ್ಯಾಂಗನೀಸ್ ಹೆಚ್ಚು ಬೇಕು. ಫ್ಲೋರಿಡಾ ವಿಶ್ವವಿದ್ಯಾಲಯದವರು ನೆಲದ ಪಾಮ್‌ಗೆ ಹೇಳೂದು 8-2-12 (ಸಾರಜನಕ, ರಂಜಕ, ಪೊಟ್ಯಾಶ್), ಜೊತಿಗೆ 4 ಮೆಗ್ನೀಸಿಯಂ. ಅಂದರ ಸಾರಜನಕಕ್ಕಿಂತ ಪೊಟ್ಯಾಶ್ ಮುಂದ. ಹುಲ್ಲಿನ ಲಾನಿಗೆ ಹಾಕೂ ಗೊಬ್ಬರ ಹಾಕಿದರ ಎಲಿ ಹಸರ ಆಗ್ತದ, ಪೊಟ್ಯಾಶ್ ಕೊರತಿ ಹೆಚ್ಚಾಗ್ತದ. ಹೊಸ ಎಲಿ ಹಳದಿ, ನರ ಹಸರ ಅಂದರ ಕಬ್ಬಿಣ. ನಿಮ್ಮ ಸುಣ್ಣದ ಮಣ್ಣಿಗೆ ಇಡಿಡಿಎಚ್‌ಎ ಅನ್ನೂ ಕೆಂಪು ಕಬ್ಬಿಣದ ಪುಡಿನ ಬೇಕು. ಅಗ್ಗದ ಇಡಿಟಿಎ ಪಿಎಚ್ 7 ದಾಟಿದ ಮಣ್ಣಾಗ ಕಬ್ಬಿಣ ಹಿಡಕೊಳ್ಳೂದಿಲ್ಲ, ರೊಕ್ಕ ದಂಡ. ಹೊಸ ಎಲಿ ಸುರುಟಿ, ಸುಟ್ಟಂಗ, ಗಿಡ್ಡಾಗಿ ಬಂದರ ಅದು ಮ್ಯಾಂಗನೀಸ್.


ಹಿತ್ತಲಗಿಡ

ಬಹಳ ಉಪಕಾರ. ಇನ್ನೂ ಹೇಳಬೇಕಾದ ಭಾಗ ನೆಲಕ್ಕಿಳಿಸುವುದು. ಅಂಗಡಿಯ ಚೀಟಿಯಲ್ಲಿ ವಿಂಡ್‌ಮಿಲ್ ಮೈನಸ್ 15, ಸೇಬಲ್ ಮೈನರ್ ಮೈನಸ್ 18, ನೀಡಲ್ ಮೈನಸ್ 20 ಅಂತಿದೆ. ಹಾಗಾದರೆ ಎರಡನೇ ವರ್ಷವೇ ಹೊರಗೆ ಹಾಕಬಹುದಲ್ವಾ? ವಾಷಿಂಗ್ಟೋನಿಯಾ ಬೇಗ ಬೆಳೆಯುತ್ತೆ, ಅದನ್ನು ಬೀದಿಬದಿಗೆ ಹಾಕುವ ಯೋಚನೆ.


ಸುಳಿಗರಿ

ಬೇಡ ಸರ್. ಆ ಅಂಕಿಗಳು ಕಾಂಡ ಬಂದ, ಬೇರು ಇಳಿದ, ನೆಲದಲ್ಲಿರುವ ಗಿಡಕ್ಕೆ. ಚೂಪು ಎಲೆಯ ಎರಡು ವರ್ಷದ ಸಸಿಯ ತಾಳಿಕೆ ಅದಕ್ಕಿಂತ ಆರೇಳು ಡಿಗ್ರಿ ಕಮ್ಮಿ ಹಿಡಿಯಿರಿ, ಅಂದರೆ ಮೈನಸ್ 15 ಅಂತಿದ್ದರೆ ಮೈನಸ್ 8–9. ಕುಂಡದಲ್ಲಿದ್ದರೆ ಇನ್ನೂ ಕಮ್ಮಿ, ಯಾಕಂದರೆ ನೆಲದ ಬೇರು ಎಂದೂ ಕಾಣದ ಚಳಿಯನ್ನು ಕುಂಡದ ಬೇರು ನಾಲ್ಕೂ ಕಡೆಯಿಂದ ಕಾಣುತ್ತೆ. ಮೈನಸ್ 4ರ ರಾತ್ರಿ ಕುಂಡ ಹೊರಗಿದ್ದರೆ ಎಲೆ ಹಸಿರಾಗಿಯೇ ಉಳಿದು ಏಪ್ರಿಲ್‌ನಲ್ಲಿ ಗಿಡ ಕುಸಿಯುತ್ತೆ. ಬೇರು ಜನವರಿಯಲ್ಲೇ ಸತ್ತಿರುತ್ತೆ.

ಮೊದಲ ಎರಡು ಚಳಿಗಾಲ ಬಿಸಿಯಿಲ್ಲದ ಗ್ಯಾರೇಜು ಸಾಕು, 2ರಿಂದ 10 ಡಿಗ್ರಿ, ಒಂದು ದೀಪ, ಮೂರು ವಾರಕ್ಕೊಮ್ಮೆ ನೀರು. ತಣ್ಣಗಿರುವಾಗ ಬೇರು ಕುಡಿಯೋದಿಲ್ಲ, ಹಾಕಿದ ನೀರು ನಿಂತು ಕೊಳೆಸುತ್ತೆ. ಬೇಸಿಗೆಯಲ್ಲಿ ಹೊರಗೆ, ಶೇಕಡಾ 50ರ ನೆರಳು ಪರದೆ ಕೆಳಗೆ. ಹೊರತರುವಾಗ ಎರಡು ವಾರ ಬೆಳಗಿನ ಬಿಸಿಲು ಮಾತ್ರ. 1,700 ಮೀಟರಿನ ಬಿಸಿಲಿಗೆ ಒಳಗೆ ಬೆಳೆದ ಎಲೆ ಒಂದೇ ಮಧ್ಯಾಹ್ನದಲ್ಲಿ ಬಿಳಿಚುತ್ತೆ, ಆ ಬಿಳುಪು ಮತ್ತೆ ಹಸಿರಾಗಲ್ಲ.

ನೆಲಕ್ಕೆ ಇಳಿಸುವ ಗುರುತು ವಯಸ್ಸಲ್ಲ: ಸೀಳಿದ ಬೀಸಣಿಗೆ ಗರಿ ನಾಲ್ಕೈದು ಬಂದಿರಬೇಕು, ಬುಡ ಹೆಬ್ಬೆರಳ ದಪ್ಪ ಇರಬೇಕು. ವಿಂಡ್‌ಮಿಲ್‌ಗೆ ಮೂರರಿಂದ ನಾಲ್ಕು ವರ್ಷ. ಕಾಲ ಏಪ್ರಿಲ್ ಕೊನೆಯಿಂದ ಜೂನ್ ಮೊದಲ ವಾರ. ಪಾಮ್ ಬೇರು ಬೆಚ್ಚಗಿನ ಮಣ್ಣಿನಲ್ಲೇ ಹೊರಡೋದು, ಮುಂದಿನ ನಾಲ್ಕು ತಿಂಗಳು ಅದಕ್ಕೆ ಸಿಗಬೇಕು. ಸೆಪ್ಟೆಂಬರ್‌ನಲ್ಲಿ ನರ್ಸರಿಗಳಲ್ಲಿ ರಿಯಾಯಿತಿ ಬರುತ್ತೆ, ಆಗ ನೆಟ್ಟ ಪಾಮ್ ಕುಂಡದ ಆಕಾರದ ಬೇರಿನಲ್ಲೇ ಚಳಿಗೆ ಸಿಗುತ್ತೆ.

ಗುಂಡಿ ತೆಗೆದು ನೀರು ತುಂಬಿ, ಅದು ಇಳಿದ ಮೇಲೆ ಮತ್ತೆ ತುಂಬಿ ಗಡಿಯಾರ ನೋಡಿ. ಗಂಟೆಗೆ ಒಂದಿಂಚೂ ಇಳಿಯದಿದ್ದರೆ ತಳದಲ್ಲಿ ಕಲೀಚಿ ಬಟ್ಟಲಾಗಿದೆ. ಹಾರೆಯಿಂದ ಅದನ್ನು ಒಡೆದು ದಾರಿ ಮಾಡಿ, ಆಗದಿದ್ದರೆ ಜಾಗ ಬದಲಿಸಿ ಅಥವಾ ಒಂದಡಿ ದಿಬ್ಬದ ಮೇಲೆ ನೆಡಿ. ತೆಗೆದ ಮಣ್ಣನ್ನೇ ತುಂಬಿ, ಕಾಂಪೋಸ್ಟ್ ಗುಂಡಿಗೆ ಬೇಡ, ಮೇಲೆ ಹಾಸಿ. ಒಳಗೆ ಮೃದು ಮಣ್ಣು, ಹೊರಗೆ ಗಟ್ಟಿ ಗೋಡೆ ಇದ್ದರೆ ಬೇರು ಗುಂಡಿ ದಾಟುವುದೇ ಇಲ್ಲ. ಕುಂಡದಲ್ಲಿದ್ದ ಮಟ್ಟಕ್ಕೇ ನೆಡಿ. ಸೇಬಲ್ ಮೈನರ್ ಒಂದೆರಡು ಇಂಚು ಆಳ ಹೋದರೂ ನಡೆಯುತ್ತೆ, ಅದರ ಕಾಂಡ ಮೊದಲು ಕೆಳಕ್ಕೇ ಬಾಗಿ ಬೆಳೆಯೋದು.

ಇದರಿಂದಲೇ ಒಂದು ಮಾತು ಬರುತ್ತೆ. ಸೇಬಲ್ ಮೈನರ್‌ನ ಸುಳಿ ನೆಲದೊಳಗಿದೆ, ಗರಿ ಪೂರ್ತಿ ಸುಟ್ಟರೂ ಜೂನ್‌ಗೆ ಮತ್ತೆ ಬರುತ್ತೆ. ವಿಂಡ್‌ಮಿಲ್‌ನ ಸುಳಿ ಗಾಳಿಯಲ್ಲಿದೆ. ಇಂಥ ಒಂಟಿ ಕಾಂಡದ ಪಾಮ್‌ಗೆ ಸುಳಿ ಒಂದೇ. ತೆಂಗಿನ ಸುಳಿ ಕೊಳೆ ನೋಡಿದ್ದೀರಲ್ಲ, ಇಲ್ಲೂ ಅದೇ: ಚಳಿ ಸುಳಿಯ ಎಳೆ ಭಾಗ ನೋಯಿಸುತ್ತೆ, ಕರಗಿದ ಹಿಮ ಒಳಗಿಳಿಯುತ್ತೆ, ಕೊಳೆ ಆಮೇಲೆ ಕೆಲಸ ಮುಗಿಸುತ್ತೆ. ಅದಕ್ಕೆ ಒಣ ಮೈನಸ್ 14ಕ್ಕಿಂತ ಹಿಮ ಬಿದ್ದು ಕರಗಿ ಹೆಪ್ಪುಗಟ್ಟುವ ಮೈನಸ್ 9 ಅಪಾಯ.

ಜಾಗ: ವಿಂಡ್‌ಮಿಲ್‌ಗೆ ಮನೆಯ ಪೂರ್ವ ಅಥವಾ ಆಗ್ನೇಯ ಗೋಡೆ, ಪಶ್ಚಿಮದ ವಸಂತದ ಗಾಳಿಗೆ ಮರೆ. ಸ್ಯಾಂಡಿಯಾ ಬೆಟ್ಟದ ದಕ್ಷಿಣಕ್ಕಿರುವ ಟಿಹೆರಾಸ್ ಕಣಿವೆಯ ಬಾಯಿ ಹತ್ತಿರ ಮನೆ ಇದ್ದರೆ ಲೆಕ್ಕ ತಿರುಗುತ್ತೆ, ಅಲ್ಲಿ ಪೂರ್ವದ ಗಾಳಿಯೇ ಕೆಟ್ಟದ್ದು. ಗರಿ ಸೀಳುವ ಗಾಳಿ ಇರುವ ಕಡೆಗೆ ವ್ಯಾಗ್ನೆರಿಯಾನಸ್ ಅನ್ನೋ ಗಿಡ್ಡ, ಬಿರುಸು ಎಲೆಯ ವಿಂಡ್‌ಮಿಲ್ ಒಳ್ಳೆಯದು. ಬುಡಕ್ಕೆ ಜಲ್ಲಿ ಹಾಸಬೇಡಿ, ತೊಗಟೆ ಚೂರು 4 ಇಂಚು, ಸುಳಿಗೆ ತಾಗದಂತೆ.

ಚಳಿಗಾಲದ ನೀರು ಬಹಳ ಜನ ಮರೆಯುತ್ತಾರೆ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಆಳಕ್ಕೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಮಳೆ-ಹಿಮ ಬಾರದಿದ್ದರೆ ಮೂರು-ನಾಲ್ಕು ವಾರಕ್ಕೊಮ್ಮೆ, ಹಗಲು 5 ಡಿಗ್ರಿ ದಾಟಿದ ಮಧ್ಯಾಹ್ನ. ದೊಡ್ಡ ಚಳಿ ಬರುವ ಹಿಂದಿನ ದಿನ ಪಾತಿ ತುಂಬ ನೀರು ಕೊಡಿ, ಸುಳಿಗೆ ಬೀಳದಂತೆ. ಒದ್ದೆ ಮಣ್ಣು ಹಗಲ ಶಾಖ ಹಿಡಿದಿಡುತ್ತೆ. ಇಲ್ಲಿನ ಎಲೆ ಸುಡುವುದರಲ್ಲಿ ಅರ್ಧ ಬಾಯಾರಿಕೆ: ನೆಲ ಹೆಪ್ಪುಗಟ್ಟಿದೆ, ಮೇಲೆ ಬಿಸಿಲು, ಗಾಳಿ.

ಹೊದಿಸುವುದು: ಚಿಕ್ಕ ವಿಂಡ್‌ಮಿಲ್‌ಗೆ ಮುನ್ಸೂಚನೆ ಮೈನಸ್ 8 ಅಂದಾಗ. ನಾಲ್ಕು ಗೂಟ, ಸುತ್ತ ಫ್ರಾಸ್ಟ್ ಬಟ್ಟೆ ಎರಡು ಸುತ್ತು. ಬುಡ ಮತ್ತು ಸುಳಿಯ ಸುತ್ತ ಹಳೇ ಬಗೆಯ ಸಿ9 ಕ್ರಿಸ್‌ಮಸ್ ಬಲ್ಬ್ ಸರ. ಒಂದೊಂದು 7 ವ್ಯಾಟ್, 25 ಬಲ್ಬಿಗೆ 175 ವ್ಯಾಟ್ ಶಾಖ. ಎಲ್‌ಇಡಿ ಸರ ಬೆಳಕು ಕೊಡುತ್ತೆ, ಶಾಖ ಇಲ್ಲ. ಬಲ್ಬ್ ಬಟ್ಟೆಗೆ ತಾಗದಿರಲಿ, ಹೊರಾಂಗಣದ ವೈರು, ಜಿಎಫ್‌ಸಿಐ ಪ್ಲಗ್ (ಕರೆಂಟ್ ಸೋರಿದರೆ ತಾನೇ ಕಡಿಯುವಂಥದ್ದು) ಇರಲಿ. 2 ಡಿಗ್ರಿಗೆ ಹೊತ್ತಿ 7ಕ್ಕೆ ಆರುವ ಥರ್ಮೋಸ್ಟಾಟ್ ಪ್ಲಗ್ ಸಿಗುತ್ತೆ. ಪ್ಲಾಸ್ಟಿಕ್ ಹೊದಿಕೆ ಬೇಡ: ಬೆಳಗ್ಗೆ ತೆಗೆಯೋದು ಮರೆತರೆ ಹತ್ತು ಗಂಟೆಗೆ ಒಳಗೆ ಇಡ್ಲಿ ಪಾತ್ರೆ.

ಮಾರ್ಚ್‌ನಲ್ಲಿ ಸುಳಿಗರಿಯನ್ನು ಎರಡು ಬೆರಳಲ್ಲಿ ಹಗುರ ಎಳೆದು ನೋಡಿ. ಕೈಗೆ ಬಂದರೆ ಬುಡ ಕಂದು, ಗಬ್ಬು ವಾಸನೆ ಇರುತ್ತೆ. ಗಾಬರಿ ಬೇಡ. ಕೊಳೆತದ್ದು ಬರುವಷ್ಟು ತೆಗೆದು, ಗುಳಿಗೆ ಶೇಕಡಾ 3ರ ಹೈಡ್ರೋಜನ್ ಪೆರಾಕ್ಸೈಡ್ ಸುರಿಯಿರಿ, ನೊರೆ ನಿಂತ ಮೇಲೆ ತಾಮ್ರದ ಶಿಲೀಂಧ್ರನಾಶಕ. ಕೊಳೆರೋಗಕ್ಕೆ ಅಡಕೆ ತೋಟದಲ್ಲಿ ಬೋರ್ಡೋ ಹೊಡೆಯುವುದರ ತರ್ಕವೇ ಇಲ್ಲೂ. ಮಳೆಗೆ ಮೇಲೊಂದು ಮರೆ ಮಾಡಿ ಜುಲೈವರೆಗೆ ಕಾಯಿರಿ. ಮೇ ತಿಂಗಳಲ್ಲಿ ಸತ್ತಿತು ಅಂತ ಅಗೆದವರೇ ಹೆಚ್ಚು.


ಬೈನೆಮರ

ಸುಳಿಗರಿ ಅವರ ಮಾತಿಗೆ ಸೇರಿಸೋದು ವಾಷಿಂಗ್ಟೋನಿಯಾ ಬಗ್ಗೆ. ಬೀದಿಬದಿಗೆ ಅದನ್ನು ನೆಚ್ಚಬೇಡಿ. ಫಿಲಿಫೆರಾ ಒಣ ಚಳಿಯಲ್ಲಿ ಮೈನಸ್ 9–10ವರೆಗೆ, ಅದೂ ದೊಡ್ಡ ಗಿಡ. ವಾಷಿಂಗ್ಟೋನಿಯಾದ ಇನ್ನೊಂದು ಜಾತಿ ರೊಬುಸ್ಟಾ ಅದಕ್ಕಿಂತ ಮೆತ್ತಗೆ. 2011ರ ಫೆಬ್ರವರಿ ಮೊದಲ ವಾರದ ಚಳಿಯಲ್ಲಿ ಟೆಕ್ಸಸ್‌ನ ಎಲ್ ಪಾಸೋ ಮೈನಸ್ 17 ಡಿಗ್ರಿಗೆ ಇಳಿದು ಬೀದಿಬೀದಿಯ ರೊಬುಸ್ಟಾ ಮರಗಳು ಸತ್ತು ನಿಂತವು. ಆಲ್ಬುಕರ್ಕಿಯಲ್ಲಿ ಅದೇ ವಾರ ಮೈನಸ್ 21 ದಾಟಿತ್ತು. ಇನ್ನೊಂದು ತೊಡಕು, ಇವೆರಡರ ಬೀಜ ಕಣ್ಣಿಗೆ ಒಂದೇ ತರಹ, ಮಿಶ್ರತಳಿಯೂ ಧಾರಾಳ. ಪೊಟ್ಟಣದ ಮೇಲಿನ ಹೆಸರು ನಂಬಿ ಬೀದಿಗೆ ನೆಡುವ ಮರ ಅಲ್ಲ ಅದು.

ಒಣ, ಬಿಸಿ ಬೇಸಿಗೆ ಮತ್ತು ಚಳಿ ಎರಡೂ ಇರುವ ನಿಮ್ಮಂಥ ಊರಿಗೆ ಹೇಳಿ ಮಾಡಿಸಿದ್ದು ಮಝರಿ, ನ್ಯಾನೊರಾಪ್ಸ್ ರಿಚಿಯಾನಾ. ಬಲೂಚಿಸ್ತಾನ, ಅಫ್ಘಾನಿಸ್ತಾನದ ಕಲ್ಲುಗುಡ್ಡಗಳ ಗಿಡ, ಅಲ್ಲಿನವರು ಅದರ ಗರಿಯಿಂದಲೇ ಚಾಪೆ, ಹಗ್ಗ ಮಾಡೋದು. ಸುಣ್ಣದ ಮಣ್ಣು ಅದಕ್ಕೆ ಸಮಸ್ಯೆಯಲ್ಲ. ಬುಡದಿಂದ ಕವಲೊಡೆಯುತ್ತೆ, ಅಂದರೆ ಒಂದು ಸುಳಿ ಹೋದರೂ ಇನ್ನೊಂದು ಉಳಿಯುತ್ತೆ. ಬೀಜ 30–32 ಡಿಗ್ರಿಯಲ್ಲಿ ಬೇಗ ಮೊಳೆಯುತ್ತೆ, ಆಮೇಲೆ ಬಹಳ ನಿಧಾನ. ದಕ್ಷಿಣದ ಗೋಡೆ, ಪೂರ್ತಿ ಬಿಸಿಲು, ಚಳಿಗಾಲದಲ್ಲಿ ಬುಡ ಒಣ. ವಿಂಡ್‌ಮಿಲ್‌ಗೆ ಕೊಡುವ ನೀರು ಇದಕ್ಕೆ ಕೊಟ್ಟರೆ ಕೊಳೆಯುತ್ತೆ.


ಸಸಿಮಡಿ

ಊರಿನ ಕಡೆಯ ಗಿಡ ಅನ್ನೋ ಆಸೆಯಿಂದ ಕೆಲವರು ವಿಂಡ್‌ಮಿಲ್‌ನ ಸೋದರ ಜಾತಿ ಟ್ರಾಕಿಕಾರ್ಪಸ್ ಟಾಕಿಲ್ ಕೇಳ್ತಾರೆ, ಅದಕ್ಕೆ ಒಂದು ಎಚ್ಚರಿಕೆ. ಅದು ಉತ್ತರಾಖಂಡದ ಕುಮಾವೂನಿನದ್ದು, ಪಿಥೋರಗಢದ ಹತ್ತಿರ ಥಲ್ಕೇದಾರ್ ಬೆಟ್ಟದಲ್ಲಿ ಸುಮಾರು 2,000 ಮೀಟರ್ ಮೇಲೆ, ಹಿಮ ಬೀಳುವ ಕಡೆ ಇದೆ. ಇಟಲಿಯ ಸಸ್ಯಶಾಸ್ತ್ರಜ್ಞ ಬೆಕ್ಕಾರಿ 1905ರಲ್ಲಿ ಹೆಸರಿಟ್ಟದ್ದು. ಆದರೆ ಆ ಹೆಸರಲ್ಲಿ ಮಾರುವ ಬೀಜ ಬಹಳಷ್ಟು ಬರೀ ಫಾರ್ಚುನೈ. ಮತ್ತೆ ಅದು ಮಳೆಗಾಲದ ಬೆಟ್ಟದ ಗಿಡ, ಚಳಿ ತಡೆಯುತ್ತೆ ಅಂತ ಒಣಗಾಳಿಯನ್ನೂ ತಡೆಯುತ್ತೆ ಅಂದುಕೊಳ್ಳಬೇಡಿ. ಊರಿಂದ ಬರುವಾಗ ಜೇಬಲ್ಲಿ ಬೀಜ ತರೋದೂ ಬೇಡ, ಕಾಗದಪತ್ರ ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ.


ಹಿತ್ತಲಗಿಡ

ವಿಂಡ್‌ಮಿಲ್ 3 ಬೀಜ ಕತ್ತರಿಸಿದೆ, ಎರಡು ಬಿಳಿ, ಒಂದು ಕಂದು. ಉಳಿದ 47 ನೆನೆಹಾಕಿದ್ದಾಯ್ತು. ಕೊನೆಯದೊಂದು: ಸಸಿ ಎದ್ದ ಮೇಲೆ ಪಕ್ಕದಲ್ಲಿ ಅಂಟಿಕೊಂಡಿರುವ ಹಳೇ ಬೀಜ ಕಿತ್ತು ಹಾಕಬೇಕಾ? ಅದಕ್ಕೇ ಬೂಷ್ಟು ಬರುತ್ತೆ.


ಸಸಿಮಡಿ

ಕೀಳಬೇಡಿ. ತಿರುಳಿನ ಸತ್ವ ಆ ತೊಟ್ಟಿನ ಮೂಲಕ ಇನ್ನೂ ಸಸಿಗೆ ಹೋಗ್ತಿರುತ್ತೆ, ಒಂದೆರಡು ಎಲೆ ಬರುವವರೆಗೂ. ಬೂಷ್ಟು ಕಂಡರೆ ಬಡ್ಸ್‌ನಲ್ಲಿ ಪೆರಾಕ್ಸೈಡ್ ಅದ್ದಿ ಒರೆಸಿ, ಮೇಲೆ ಚಿಟಿಕೆ ಒಣ ಪ್ಯೂಮಿಸ್ ಹಾಕಿ. ಬೀಜ ಟೊಳ್ಳಾಗಿ, ಬೆರಳು ತಾಗಿದರೆ ತಾನಾಗಿ ಬಿದ್ದುಹೋಗುತ್ತೆ. ಮೂರಕ್ಕೆ ಎರಡು ಬಿಳಿ ಅಂದರೆ ಕೆಟ್ಟ ಬೀಜ ಅಲ್ಲ. ಇವತ್ತಿನ ದಿನಾಂಕ ಚೀಲದ ಮೇಲೆ ಬರೆದು ಮೂರು ತಿಂಗಳು ಬಿಡಿ.